ಅಪ್ಪಂಗೆ ನಿದ್ದೆ ಮಾತ್ರೆ ಕೊಡೋ ಮುಂಚೆ ಇದನ್ನ ಓದು

ತೀರ್ಥಹಳ್ಳಿ

ಪುಟ್ಟಾ,

ನಿನ್ನ ಮೆಸೇಜ್ ನೋಡಿದೆ. ಅಪ್ಪ ರಾತ್ರಿಯೆಲ್ಲ ಎದ್ದು ಕೂತಿರ್ತಾನೆ, ಹಗಲು ಜಗಲಿ ಮೇಲೆ ತೂಕಡಿಸ್ತಾನೆ, ಅಮ್ಮನ ಹತ್ರ ಇರೋ ನಿದ್ದೆ ಮಾತ್ರೆ ಆಲ್‌ಪ್ರಜೋಲಾಮ್ ಅರ್ಧ ಕೊಡ್ಲಾ ಅಂತ ಕೇಳಿದೀಯ. ಕೊಡಬೇಡ ಮಾರಾಯ, ಅಪ್ಪಂಗಿರೋದು ಸಿರೋಸಿಸ್, ಅಂದ್ರೆ ಲಿವರ್ ಕಲೆಗಟ್ಟಿ ಗಟ್ಟಿಯಾಗೋ ಕಾಯಿಲೆ. ಫೋನಲ್ಲಿ ಹೇಳಿದ್ರೆ ಹೂಂ ಹೂಂ ಅಂದು ಮರೀತೀಯ, ಅದಕ್ಕೇ ಬರೀತಿದೀನಿ. ಆಸ್ಪತ್ರೆ ಔಷಧಿ ಕೌಂಟರಲ್ಲೇ ತಲೆ ಹಣ್ಣಾದವನು ನಾನು, ಇಷ್ಟಾದ್ರೂ ಹೇಳೋಕೆ ಬರುತ್ತೆ.

ನುಂಗಿದ ಮಾತ್ರೆ ಕರುಳಿಂದ ರಕ್ತಕ್ಕೆ ಸೇರಿ ಮೊದಲು ಹೋಗೋದೇ ಲಿವರ್‌ಗೆ. ಅಲ್ಲಿ ಎಂಜೈಮ್‌ಗಳು ಅದರಲ್ಲಿ ಒಂದಷ್ಟನ್ನ ಅಲ್ಲೇ ಮುರಿದು ಹಾಕ್ತವೆ, ಉಳಿದಿದ್ದು ಮಾತ್ರ ಮೈಗೆ. ಕಂಪನಿಯವರು ಡೋಸ್ ಲೆಕ್ಕ ಹಾಕೋದೂ ಈ ಕಡಿತ ಹಿಡಿದೇ. ಸಿರೋಸಿಸ್ ಆದವರಲ್ಲಿ ಅರಣ್ಯ ಚೆಕ್‌ಪೋಸ್ಟಲ್ಲಿ ಗಾರ್ಡೂ ಕಮ್ಮಿ, ಒಂದಷ್ಟು ಲಾರಿ ಎಸ್ಟೇಟ್ ರೋಡಲ್ಲಿ ಸುತ್ತಿ ದಾಟಿದ ಹಂಗೆ, ಎಂಜೈಮೂ ಕಮ್ಮಿ, ಮೇಲಿಂದ ಗಟ್ಟಿಯಾದ ಲಿವರ್ ಒಳಗೆ ನುಗ್ಗೋಕಾಗ್ದೆ ರಕ್ತ ಬೇರೆ ದಾರಿ ಮಾಡ್ಕೊಂಡು ಸುತ್ತಿ ಹೋಗುತ್ತೆ. ಪ್ರೊಪ್ರನಲಾಲ್ ತರದ ಬಿಪಿ ಮಾತ್ರೆ ಅವರಲ್ಲಿ ಹೆಚ್ಚು ಪಾಲು ಹಾಗೇ ರಕ್ತಕ್ಕೆ ಸೇರುತ್ತೆ, ಅದಕ್ಕೇ ಡಾಕ್ಟ್ರು ಸಣ್ಣ ಡೋಸಿಂದ ಶುರು ಮಾಡೋದು. ಇನ್ನು ಅಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್ ಮಾಡೋದೂ ಲಿವರೇ, ಅದು ಕಮ್ಮಿಯಾದ್ರೆ ಅದಕ್ಕೆ ಅಂಟಿಕೊಂಡಿರಬೇಕಾದ ಔಷಧಿ ಬಿಡಿಯಾಗಿ ಓಡಾಡುತ್ತೆ.

ಈಗ ನಿದ್ದೆ ವಿಷಯ. ಹಗಲು ರಾತ್ರಿ ಅದಲು ಬದಲಾಗೋದು ಸಿರೋಸಿಸ್‌ನವರಲ್ಲಿ ಬರೀ ನಿದ್ದೆ ತೊಂದರೆ ಅಂತ ತಿಳ್ಕೋಬೇಡ, ಕರುಳಲ್ಲಿ ಹುಟ್ಟೋ ಅಮೋನಿಯಾ ಅಂತದ್ದೆಲ್ಲ ಲಿವರ್ ತೆಗೆದು ಹಾಕದೆ ಮೆದುಳಿಗೆ ತಟ್ಟೋಕೆ ಶುರುವಾದಾಗ ಮೊದಮೊದಲು ಕಾಣೋ ಲಕ್ಷಣ ಇದೇ ಇರಬಹುದು. ಅದರ ಮೇಲೆ ನಿದ್ದೆ ಮಾತ್ರೆ ಹಾಕಿದ್ರೆ, ಬೇರೆಯವರಿಗೆ ಬೆಳಿಗ್ಗೆಗೆ ಇಳಿಯೋದು ಇವನಿಗೆ ಇಳಿಯಲ್ಲ, ಮಂಪರು ಹೆಚ್ಚಾಗಿ ಎಚ್ಚರ ತಪ್ಪೋ ತನಕ ಹೋಗಬಹುದು. ಕೈ ಮುಂದೆ ಚಾಚಿ ಮಣಿಕಟ್ಟು ಮೇಲೆತ್ತಿ ಹಿಡಿ ಅನ್ನು, ಅಂಗೈ ಪಟಪಟ ಬಡ್ಕೊಂಡ್ರೆ ಅಥವಾ ಮಾತು ತಡವರಿಸಿದ್ರೆ ನಾಳೆ ನೋಡೋಣ ಅನ್ನಬೇಡ, ಅವತ್ತೇ ಶಿವಮೊಗ್ಗಕ್ಕೆ ಕರ್ಕೊಂಡು ಹೋಗು. ಕೈ ನೆಟ್ಟಗಿದ್ರೂ ಡಾಕ್ಟ್ರಿಗೆ ಫೋನ್ ಮಾಡಿ ನಿದ್ದೆ ವಿಷಯ ಹೇಳೇ ಹೇಳು.

ಸೊಂಟ ನೋವಿಗೆ ಡೈಕ್ಲೋಫೆನಾಕ್ ಕೊಡ್ತಿದೀರಂತಲ್ಲ, ಪ್ಯಾರಾಸಿಟಮಾಲ್ ಲಿವರ್‌ಗೆ ಕೆಟ್ಟದು ಅಂತ ಯಾರೋ ಹೇಳಿದ್ರು ಅಂತ. ಎಂತ ಹೇಳೋದು, ಉಲ್ಟಾ ಮಾಡ್ಕೊಂಡಿದೀರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಸಿರೋಸಿಸ್‌ನವರ ಕಿಡ್ನಿ ಕೆಡಿಸ್ತವೆ, ಹೊಟ್ಟೆ ನೀರು ಹೆಚ್ಚಿಸ್ತವೆ, ರಕ್ತಸ್ರಾವ ತರಿಸ್ತವೆ. ಡಾಕ್ಟ್ರು ಸಾಮಾನ್ಯವಾಗಿ ಪ್ಯಾರಾಸಿಟಮಾಲೇ ವಾಸಿ ಅಂತಾರೆ, ಆದ್ರೆ ದಿನಕ್ಕೆ 2 ಗ್ರಾಂ ಒಳಗೆ. 650ರ ಮಾತ್ರೆ ಮೂರಕ್ಕೇ 1950 ಮಿಲಿಗ್ರಾಂ ಆಯ್ತು ನೋಡು, ಶೀತದ ಮಾತ್ರೆಲೂ ಅದೇ ಇರುತ್ತೆ, ಸ್ಟ್ರಿಪ್ ತಿರುಗಿಸಿ ಓದು. ಕುಡಿಯೋದಂತೂ ಪೂರ್ತಿ ಬಂದ್.

ಅಪ್ಪನ ರಕ್ತ ಪರೀಕ್ಷೆಲಿ ಎಸ್‌ಜಿಪಿಟಿ ನಾರ್ಮಲ್ ಬಂದಿದೆ ಅಂತ ಖುಷಿಪಟ್ಟಿದೀಯ. ಅದು ಲಿವರ್‌ಗೆ ಪೆಟ್ಟು ಬೀಳ್ತಿದೆಯಾ ಅಂತ ಹೇಳುತ್ತೆ, ಕೆಲಸ ಎಷ್ಟು ಮಾಡ್ತಿದೆ ಅಂತಲ್ಲ. ಅದಕ್ಕೆ ಬಿಲಿರುಬಿನ್ (ಕಾಮಾಲೆಯ ಹಳದಿ), ಅಲ್ಬುಮಿನ್, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋ ಟೆಸ್ಟ್) ನೋಡ್ಬೇಕು, ಜೊತೆಗೆ ಹೊಟ್ಟೆಲಿ ನೀರು, ತಲೆ ಮಂಕು, ಇವಿಷ್ಟನ್ನೂ ಸೇರ್ಸಿ ಡಾಕ್ಟ್ರು ಎ, ಬಿ, ಸಿ ಅಂತ ಚೈಲ್ಡ್-ಪ್ಯೂ ಗ್ರೇಡ್ ಹಾಕ್ತಾರೆ. ಕಿಡ್ನಿಗಾದ್ರೆ ರಕ್ತದ ಕ್ರಿಯಾಟಿನಿನ್ ನಂಬರ್ ಹಿಡಿದು ಡೋಸ್ ಲೆಕ್ಕ ಮಾಡಬಹುದು, ಲಿವರ್‌ಗೆ ಅಂತಾ ಒಂದೇ ನಂಬರ್ ಇಲ್ಲ. ನಿನ್ನ ಸ್ಕ್ಯಾನಲ್ಲಿ ಬಂದ ಗ್ರೇಡ್ 1 ಫ್ಯಾಟಿ ಲಿವರ್ ಬೇರೆ ಕಥೆ, ಅದಕ್ಕೆ ಹೆದರಿ ನಿನ್ನ ಕೊಲೆಸ್ಟ್ರಾಲ್ ಮಾತ್ರೆ ಬಿಡಬೇಡ.

ಕಾಮಾಲೆಗೆ ನಾಟಿ ಔಷಧಿ ಕೊಡೋರು ನಮ್ಮ ಕಡೆ ಊರಿಗೊಬ್ರು ಇದಾರೆ. ಅವರ ಮೇಲೆ ನಂಗೆ ಸಿಟ್ಟಿಲ್ಲ, ಆದ್ರೆ ಅಪ್ಪಂಗೆ ಬೇಡ. ಅಮೃತಬಳ್ಳಿ ಕಷಾಯನೂ ಬೇಡ, ಕೋವಿಡ್ ಟೈಮಲ್ಲಿ ಅದನ್ನ ಕುಡಿದು ಲಿವರ್ ಕೆಟ್ಟೋರನ್ನ ಮುಂಬೈ ಡಾಕ್ಟ್ರುಗಳು 2021ರಲ್ಲಿ ವರದಿ ಮಾಡಿದಾರೆ.

ಇನ್ನೊಂದು, ಡಾಕ್ಟ್ರು ಅಪ್ಪಂಗೆ ಕೊಟ್ಟಿರೋ ಹೊಟ್ಟೆ ಸಡಿಲ ಮಾಡೋ ಲ್ಯಾಕ್ಟುಲೋಸ್ ಸಿರಪ್ ಬಾಟ್ಲಿ ಎಷ್ಟು ಖಾಲಿಯಾಗಿದೆ ನೋಡು. ತೋಟಕ್ಕೆ ಹೋದಾಗ ಪದೇ ಪದೇ ಓಡಬೇಕಾಗುತ್ತೆ ಅಂತ ಇವನು ಸುಮ್ನೆ ಬಿಟ್ಟಿರ್ತಾನೆ, ನನ್ನ ತಮ್ಮನಲ್ವ, ನಂಗೊತ್ತು. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗಲಿ ಅಂತಲೇ ಅದನ್ನ ಕೊಟ್ಟಿರೋದು, ಆ ಅಮೋನಿಯಾ ಹೊರಗೆ ಹೋಗ್ಬೇಕಲ್ಲ. ಅಪ್ಪನ್ನ ನೇರವಾಗಿ ಕೇಳು, ನಾಚ್ಕೋಬೇಡ, ಸಂಜೆ ಒಳಗೆ ನಂಗೂ ಒಂದು ಮೆಸೇಜ್ ಹಾಕು.

ಇಂತಿ,
ನಿನ್ನ ದೊಡ್ಡಪ್ಪ