ಇನ್ನು ಮುಂದೆ ನಿಮ್ಮ ಪ್ರಯಾಣದ ಚೀಟಿಯಲ್ಲಿ ಎರಡು ಹೆಸರು

ಮಾನ್ಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ನಾವು ಕೊಡುವ ಪ್ರಯಾಣದ ಚೀಟಿ ಬದಲಾಗುತ್ತದೆ. ಅಮೆರಿಕದೊಳಗಿನ ಪ್ರತಿ ವಿಮಾನದ ಮುಂದೆ ಇಲ್ಲಿಯವರೆಗೆ ಒಂದೇ ಕಂಪನಿಯ ಹೆಸರು ಇರುತ್ತಿತ್ತು. ಇನ್ನು ಎರಡು ಇರುತ್ತವೆ. ಟಿಕೆಟ್ ಮಾರಿದವರದು ಮೇಲೆ, ವಿಮಾನ ಹಾರಿಸುವವರದು ಕೆಳಗೆ, ಎರಡೂ ಒಂದೇ ಗಾತ್ರದ ಅಕ್ಷರದಲ್ಲಿ. ಅದರ ಕೆಳಗೆ ‘ಇವರ ಕೌಂಟರ್‌ಗೆ ಹೋಗಿ’ ಎಂಬ ಮೂರನೆಯ ಸಾಲು. ನಮ್ಮ ಶುಲ್ಕ ಮೊದಲಿನಷ್ಟೇ. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು. ಮಗನ ಮನೆಗೋ ಮಗಳ ಬಾಣಂತನಕ್ಕೋ ಮೊದಲ ಸಲ ಹೊರಟವರು ದಯವಿಟ್ಟು ಪೂರ್ತಿ ಓದಿ.

ಈ ಬದಲಾವಣೆಗೆ ಕಾರಣ ನಮ್ಮದೇ ಒಂದು ತಪ್ಪು. ವಿಮಾನ ಕಂಪನಿ ಕಳಿಸುವ ಇ-ಟಿಕೆಟ್‌ನಲ್ಲಿ ‘ಆಪರೇಟೆಡ್ ಬೈ’ ಎಂದು ಸಣ್ಣಕ್ಷರದಲ್ಲಿ ಇನ್ನೊಂದು ಹೆಸರು ಇರುತ್ತದೆ. ಹಿರಿಯರಿಗೆ ಗೊಂದಲವಾಗಬಾರದೆಂದು ನಮ್ಮ ಚೀಟಿಯಿಂದ ಆ ಸಾಲನ್ನು ನಾವು ವರ್ಷಗಳಿಂದ ತೆಗೆದುಹಾಕುತ್ತಿದ್ದೆವು. ಕಳೆದ ಬಾರಿ ನಮ್ಮಿಂದ ಟಿಕೆಟ್ ಪಡೆದ ದಂಪತಿಯೊಬ್ಬರು ನಡುವಿನ ವಿಮಾನ ನಿಲ್ದಾಣದಲ್ಲಿ ಇಳಿದು, ನಮ್ಮ ಚೀಟಿಯನ್ನೂ ಇ-ಟಿಕೆಟ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಹೆಸರು ತಾಳೆಯಾಗಲಿಲ್ಲ. ಸಣ್ಣಕ್ಷರದ ಹೆಸರಿನ ಕೌಂಟರ್ ಹುಡುಕುತ್ತ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಅಲೆದರು. ಅಂಥ ಕೌಂಟರ್ ಅಲ್ಲಿ ಇರಲೇ ಇಲ್ಲ. ಅಷ್ಟರಲ್ಲಿ ಆ ರಾತ್ರಿಯ ಕೊನೆಯ ವಿಮಾನ ಹೊರಟುಹೋಗಿತ್ತು. ಬೆಳಗಿನವರೆಗೆ ಇಬ್ಬರೂ ಕುರ್ಚಿಯಲ್ಲೇ ಕೂತಿದ್ದರು. ವಾಪಸಾದ ಮೇಲೆ ಯಜಮಾನರು ನಮ್ಮನ್ನು ಬೈಯಲಿಲ್ಲ, ಒಂದೇ ಪ್ರಶ್ನೆ ಕೇಳಿದರು: ‘ದುಡ್ಡು ಒಬ್ಬರಿಗೆ ಕೊಟ್ಟೆವು, ವಿಮಾನದ ಬಣ್ಣವೂ ಅವರದೇ, ಮತ್ತೆ ಆ ಇನ್ನೊಬ್ಬರು ಯಾರು?’

ನಿಂತಲ್ಲೇ ಉತ್ತರ ಹೇಳಲು ನಮಗೆ ಬರಲಿಲ್ಲ. ಈ ಪತ್ರದಲ್ಲಿ ಹೇಳುತ್ತೇವೆ.

ಅಮೆರಿಕದ ಸಣ್ಣ ಊರುಗಳಿಗೆ ಹೋಗುವ ಬಹುಪಾಲು ವಿಮಾನಗಳನ್ನು ದೊಡ್ಡ ಕಂಪನಿಗಳು ತಾವೇ ಹಾರಿಸುವುದಿಲ್ಲ, ಗುತ್ತಿಗೆಗೆ ಕೊಡುತ್ತವೆ. ಈ ಪದ್ಧತಿಯ ಬೇರು ಹುಡುಕಿದರೆ ಮೇರಿಲ್ಯಾಂಡ್ ರಾಜ್ಯದ ಹೇಗರ್ಸ್‌ಟೌನ್ ಎಂಬ ಊರು ಸಿಗುತ್ತದೆ. ಯಾವ ಕಂಪನಿ ಎಲ್ಲಿಂದ ಎಲ್ಲಿಗೆ ಹಾರಬೇಕು, ಎಷ್ಟು ದರ ಹಾಕಬೇಕು ಎಂಬುದನ್ನೆಲ್ಲ ಆಗ ಸರ್ಕಾರದ ಸಿವಿಲ್ ಏರೋನಾಟಿಕ್ಸ್ ಬೋರ್ಡ್ ತೀರ್ಮಾನಿಸುತ್ತಿತ್ತು. ಅಲೆಗೇನಿ ಏರ್‌ಲೈನ್ಸ್‌ಗೆ ಹೇಗರ್ಸ್‌ಟೌನ್ ನಷ್ಟದ ಬಾಬ್ತು. ವಿಮಾನ ದೊಡ್ಡದು, ಹತ್ತುವವರು ಕಡಿಮೆ, ಆದರೆ ಬೋರ್ಡ್ ಒಪ್ಪದೆ ಬಿಡುವಂತಿಲ್ಲ. ಅದೇ ಊರಿನಲ್ಲಿ ರಿಚರ್ಡ್ ಹೆನ್ಸನ್ ಎಂಬ ಪೈಲಟ್ 1931ರಿಂದ ವಿಮಾನದ ವ್ಯವಹಾರ ನಡೆಸುತ್ತಿದ್ದರು. 1962ರಿಂದ ವಾಷಿಂಗ್ಟನ್‌ಗೆ ಪುಟ್ಟ ವಿಮಾನಗಳನ್ನೂ ಓಡಿಸುತ್ತಿದ್ದರು. 1967ರಲ್ಲಿ ಇಬ್ಬರೂ ಕೈ ಕುಲುಕಿದರು. ಹೇಗರ್ಸ್‌ಟೌನ್‌ನಿಂದ ಬಾಲ್ಟಿಮೋರ್‌ಗೆ ಹಾರಿಸುವುದು ಹೆನ್ಸನ್, ಹೆಸರು ‘ಅಲೆಗೇನಿ ಕಮ್ಯೂಟರ್’. ಪೈಲಟ್‌ಗಳು ಹೆನ್ಸನ್ ಕಡೆಯವರು, ಸಂಬಳ ಹೆನ್ಸನ್‌ರದು, ವಿಮಾನದ ಹೊರಮೈ ಮೇಲಿನ ಹೆಸರು ಮಾತ್ರ ಇನ್ನೊಬ್ಬರದು. ಇವತ್ತು ನಿಮ್ಮ ಟಿಕೆಟ್‌ನಲ್ಲಿರುವ ಎರಡು ಹೆಸರಿನ ತಲೆನೋವಿಗೆ ಈ ಒಪ್ಪಂದವೇ ಮೂಲಪುರುಷ.

ಆ ಹೆನ್ಸನ್ ಕಂಪನಿ ಏನಾಯಿತು ಎನ್ನುವುದು ಸ್ವಾರಸ್ಯದ ಸಂಗತಿ, ಸ್ವಲ್ಪ ತಾಳ್ಮೆಯಿಂದ ಓದಿ. 1983ರಲ್ಲಿ ನಾರ್ತ್ ಕ್ಯಾರೊಲೈನಾದ ಪೀಡ್‌ಮಾಂಟ್ ಏರ್‌ಲೈನ್ಸ್ ಅದನ್ನು ಕೊಂಡಿತು. ವಿಮಾನಗಳಿಗೆ ಪೀಡ್‌ಮಾಂಟ್ ಬಣ್ಣ ಬಂತು. ಇತ್ತ ಹಳೆಯ ಅಲೆಗೇನಿ 1979ರಲ್ಲೇ ‘ಯುಎಸ್‌ಏರ್’ ಎಂದು ಹೆಸರು ಬದಲಿಸಿಕೊಂಡಿತ್ತು. ಅದು 1987ರಲ್ಲಿ ಪೀಡ್‌ಮಾಂಟನ್ನೇ ಕೊಂಡು 1989ರಲ್ಲಿ ತನ್ನೊಳಗೆ ಕರಗಿಸಿಕೊಂಡಿತು. ಹೀಗೆ ಹೆನ್ಸನ್ ಕಂಪನಿ ತಾನು 22 ವರ್ಷದ ಹಿಂದೆ ಯಾರಿಗಾಗಿ ಹಾರಲು ಶುರುಮಾಡಿತ್ತೋ ಅವರ ಮನೆಗೇ ಬೇರೆ ಬಾಗಿಲಿನಿಂದ ಬಂದು ಸೇರಿತು. ಪೀಡ್‌ಮಾಂಟ್ ಎಂಬ ಒಳ್ಳೆಯ ಹೆಸರು ಬಳಕೆ ತಪ್ಪಿ ಕೈಬಿಟ್ಟುಹೋಗದಿರಲಿ ಎಂದು 1993ರಲ್ಲಿ ಯುಎಸ್‌ಏರ್ ಆ ಹೆಸರನ್ನು ಹೆನ್ಸನ್ ಕಂಪನಿಗೆ ಇಟ್ಟಿತು. ಅಂದರೆ ಇವತ್ತಿನ ಪೀಡ್‌ಮಾಂಟ್ ಏರ್‌ಲೈನ್ಸ್ ಆ ಹಳೆಯ ಪೀಡ್‌ಮಾಂಟ್ ಅಲ್ಲ, ಹೆನ್ಸನ್. ಇದೇ ರೀತಿ ಪಿಎಸ್‌ಎ ಎಂಬ ಇನ್ನೊಂದು ಹಳೆಯ ಹೆಸರನ್ನು ಬೇರೊಂದು ಅಂಗಸಂಸ್ಥೆಗೆ ತೊಡಿಸಲಾಯಿತು. ಯುಎಸ್‌ಏರ್ ಮುಂದೆ ಯುಎಸ್ ಏರ್‌ವೇಸ್ ಆಗಿ, 2013ರ ಕೊನೆಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಒಂದಾಯಿತು. ಈಗ ಪೀಡ್‌ಮಾಂಟ್ ಹಾರುವುದು ‘ಅಮೆರಿಕನ್ ಈಗಲ್’ ಎಂಬ ಹೆಸರಿನಲ್ಲಿ, ಮುಖ್ಯವಾಗಿ ಷಾರ್ಲಟ್ ಮತ್ತು ಫಿಲಡೆಲ್ಫಿಯಾಗಳಿಂದ. ಅದರ ಪ್ರೊಪೆಲ್ಲರ್ ಇದ್ದ ಡ್ಯಾಶ್-8 ವಿಮಾನಗಳು 2018ರ ಜುಲೈನಲ್ಲಿ ನಿವೃತ್ತಿಯಾದವು. ಈಗಿರುವುದು 50 ಸೀಟಿನ ಎಂಬ್ರೇರ್ ಜೆಟ್‌ಗಳು. ಬಣ್ಣ ಎಷ್ಟು ಸಲ ಬದಲಾಯಿತು ಎಂದು ಲೆಕ್ಕ ಹಾಕಲು ನಮ್ಮ ಕಚೇರಿಯಲ್ಲಿ ಒಂದು ಮಧ್ಯಾಹ್ನ ವಾದವೇ ನಡೆಯಿತು, ತೀರ್ಮಾನವಾಗಲಿಲ್ಲ.

ಹೆನ್ಸನ್ ಮಾದರಿ ದೇಶವೆಲ್ಲ ಹಬ್ಬಿದ್ದು 1978ರ ನಂತರ. ಆ ವರ್ಷ ಸರ್ಕಾರ ದರ ಮತ್ತು ಮಾರ್ಗಗಳ ಮೇಲಿನ ಹಿಡಿತ ಬಿಟ್ಟಿತು. ದೊಡ್ಡವರು ಸಣ್ಣ ಊರುಗಳಿಂದ ಕಾಲ್ತೆಗೆದರು. ಆದರೆ ಆ ಊರುಗಳ ಪ್ರಯಾಣಿಕರು ತಮ್ಮ ದೊಡ್ಡ ನಿಲ್ದಾಣಗಳಿಗೆ ಬಂದು ಮುಂದಿನ ವಿಮಾನ ಹತ್ತಬೇಕೆಂಬ ದೊಡ್ಡ ಕಂಪನಿಗಳ ಆಸೆ ಮಾತ್ರ ಹೋಗಲಿಲ್ಲ. ನಮ್ಮ ಕಸುಬಿನವರ ಪಾತ್ರವೂ ಇಲ್ಲಿದೆ. ಏಜೆಂಟರ ಮುಂದಿದ್ದ ಬುಕಿಂಗ್ ಕಂಪ್ಯೂಟರ್‌ಗಳು ಒಂದೇ ಕಂಪನಿಯ ಎರಡು ವಿಮಾನಗಳ ಜೋಡಣೆಯನ್ನು ಮೇಲೆ ತೋರಿಸುತ್ತಿದ್ದವು, ಎರಡು ಬೇರೆ ಕಂಪನಿಗಳ ಜೋಡಣೆಯನ್ನು ಕೆಳಗೆ ತಳ್ಳುತ್ತಿದ್ದವು. ಕೆಳಗಿನ ಸಾಲನ್ನು ಓದುವ ವ್ಯವಧಾನ ಯಾವ ಏಜೆಂಟರಿಗೂ ಇರಲಿಲ್ಲ (ಈಗಲೂ ಇಲ್ಲ ಎಂದರೆ ಸುಳ್ಳಲ್ಲ). ಸಣ್ಣ ಕಂಪನಿ ದೊಡ್ಡದರ ಕೋಡ್ (ವಿಮಾನ ಸಂಖ್ಯೆಯ ಮುಂದಿನ ಎರಡಕ್ಷರ) ಹಾಕಿಕೊಂಡರೆ ಪರದೆಯಲ್ಲಿ ಮೇಲೇರುತ್ತದೆ. ಡೆಲ್ಟಾ ಕನೆಕ್ಷನ್, ಅಮೆರಿಕನ್ ಈಗಲ್ ಎರಡೂ 1984ರಲ್ಲಿ ಹುಟ್ಟಿದವು, ಯುನೈಟೆಡ್ ಎಕ್ಸ್‌ಪ್ರೆಸ್ ಮರುವರ್ಷ. ಇವು ಮೂರೂ ಬರೀ ಹೆಸರಿನ ಬೋರ್ಡ್‌ಗಳು, ಒಂದೊಂದರ ಹಿಂದೆಯೂ ಹಲವು ಕಂಪನಿಗಳು. ಅಮೆರಿಕನ್ ಈಗಲ್ ಎಂಬ ಹೆಸರಿನ ಕಂಪನಿಯೇ ಒಂದಿತ್ತು, ಆ ಬೋರ್ಡಿನಡಿ ಬೇರೆಯವರೂ ಹಾರತೊಡಗಿದ ಮೇಲೆ 2014ರಲ್ಲಿ ಅದು ‘ಎನ್ವಾಯ್’ ಎಂದು ಹೆಸರು ಬದಲಿಸಿಕೊಂಡಿತು. ಸ್ಕೈವೆಸ್ಟ್ ಎಂಬ ಇನ್ನೊಂದು ಕಂಪನಿ ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕ ನಾಲ್ವರಿಗೂ ಹಾರುತ್ತದೆ.

ಲೆಕ್ಕಾಚಾರ ಹೊಲದ ಲೆಕ್ಕಾಚಾರವೇ. ಮೊದಮೊದಲು ಹೆಚ್ಚಾಗಿ ಪಾಲು ಪದ್ಧತಿ ಇತ್ತು, ಟಿಕೆಟ್ ಹಣವನ್ನು ಇಬ್ಬರೂ ಹಂಚಿಕೊಳ್ಳುವುದು. ಈಗ ಬಹುತೇಕ ಗುತ್ತಿಗೆ: ಇಷ್ಟು ಹಾರಾಟ ಮಾಡಿದರೆ ಇಷ್ಟು ಹಣ, ಇಂಧನದ ಖರ್ಚು ಸಾಮಾನ್ಯವಾಗಿ ದೊಡ್ಡವರದು, ಟಿಕೆಟ್ ಮಾರಿ ಬಂದದ್ದೂ ದೊಡ್ಡವರದು. ಸೀಟು ಖಾಲಿ ಹೋದರೂ ಸಣ್ಣವರಿಗೆ ನಷ್ಟವಿಲ್ಲ, ತುಂಬಿ ತುಳುಕಿದರೂ ಲಾಭವಿಲ್ಲ. ಅವರ ಬದುಕು ನಿಂತಿರುವುದು ಒಪ್ಪಂದದ ನವೀಕರಣದ ಮೇಲೆ.

‘ಇಷ್ಟು ದುಡ್ಡು ಕೊಟ್ಟು ಈ ಡಬ್ಬಿಯಲ್ಲಿ ಕೂರಬೇಕೇ’ ಎಂದು ಕೇಳುವವರಿಗೆ ಒಂದು ಮಾತು. ವಿಮಾನದ ಗಾತ್ರ ನಿರ್ಧರಿಸುವುದು ಬರೀ ಪ್ರಯಾಣಿಕರ ಸಂಖ್ಯೆಯಲ್ಲ. ದೊಡ್ಡ ಕಂಪನಿಗಳ ಪೈಲಟ್ ಸಂಘಗಳು ತಮ್ಮ ಕೆಲಸ ಹೊರಗುತ್ತಿಗೆಗೆ ಸೋರಿಹೋಗದಂತೆ ಒಪ್ಪಂದದಲ್ಲೇ ಮಿತಿ ಹಾಕಿಸಿವೆ. ಗುತ್ತಿಗೆಯವರು 76 ಸೀಟು ಮೀರುವಂತಿಲ್ಲ, 50ಕ್ಕಿಂತ ದೊಡ್ಡ ವಿಮಾನಗಳು ಇಂತಿಷ್ಟೇ ಇರಬೇಕು, ಹೀಗೆ. ಇದರ ಫಲವಾಗಿ 2019ರಲ್ಲಿ ಯುನೈಟೆಡ್ ಒಂದು ವಿಚಿತ್ರ ವಿಮಾನ ತಂದಿತು. ಸುಮಾರು 70 ಸೀಟು ಹಿಡಿಯುವ ಜೆಟ್‌ನಿಂದ ಸೀಟು ಕಿತ್ತು 50ಕ್ಕೆ ಇಳಿಸಿ, ಉಳಿದ ಜಾಗದಲ್ಲಿ ಬ್ಯಾಗ್ ಇಡಲು ಕಪಾಟು ಮಾಡಿದರು. ನಮ್ಮ ಗ್ರಾಹಕರೊಬ್ಬರು ಅದರಲ್ಲಿ ಹೋಗಿ ಬಂದು ‘ಇಷ್ಟು ಆರಾಮ ದೊಡ್ಡದರಲ್ಲೂ ಇರಲಿಲ್ಲ’ ಎಂದರು. ಅವರಿಗೆ ಸಿಕ್ಕ ಆರಾಮ ಕಾಗದದ ಮೇಲಿನ ಜಗಳದ ಫಲ.

ಹಾರಿಸುವವರ ಹೆಸರು ಗೊತ್ತಿರುವುದರಿಂದ ಏನು ಪ್ರಯೋಜನ ಎಂದರೆ, ತೊಂದರೆ ಎಲ್ಲಿಂದ ಬಂದಿದೆ ಎಂದಾದರೂ ತಿಳಿಯುತ್ತದೆ. ಡೆಲ್ಟಾಗೆ ಹಾರುತ್ತಿದ್ದ ಕಾಮ್‌ಏರ್ ಎಂಬ ಕಂಪನಿಯಲ್ಲಿ ಸಿಬ್ಬಂದಿಗೆ ಪಾಳಿ ಹಂಚುವ ಹಳೆಯ ಕಂಪ್ಯೂಟರ್ ವ್ಯವಸ್ಥೆಯೊಂದಿತ್ತು. ಒಂದು ತಿಂಗಳಲ್ಲಿ ಸುಮಾರು 32,000 ಬದಲಾವಣೆಗಳನ್ನಷ್ಟೇ ಅದು ತಾಳಿಕೊಳ್ಳುತ್ತಿತ್ತು. 2004ರ ಡಿಸೆಂಬರ್‌ನಲ್ಲಿ ಹಿಮಪಾತದಿಂದ ಪಾಳಿಗಳನ್ನು ಮತ್ತೆ ಮತ್ತೆ ಬದಲಿಸಬೇಕಾಗಿ ಬಂದು ಎಣಿಕೆ ಮಿತಿ ಮುಟ್ಟಿತು, ಯಂತ್ರ ಕೈಚೆಲ್ಲಿತು. ಕ್ರಿಸ್‌ಮಸ್ ದಿನ ಸುಮಾರು 1,100 ವಿಮಾನಗಳು ರದ್ದಾದವು. ಟಿಕೆಟ್ ಮೇಲೆ ಡೆಲ್ಟಾ ಎಂದಿತ್ತು, ಕೆಟ್ಟದ್ದು ಕಾಮ್‌ಏರ್ ಕಂಪ್ಯೂಟರ್. ಆ ಕಂಪನಿ 2012ರಲ್ಲಿ ಮುಚ್ಚಿತು, ಡೆಲ್ಟಾ ಕನೆಕ್ಷನ್ ಬೋರ್ಡ್ ಹಾಗೇ ಉಳಿಯಿತು.

ಮುಂದಿನದನ್ನು ಗ್ರಾಹಕರ ಪತ್ರದಲ್ಲಿ ಬರೆಯಬೇಕೇ ಎಂದು ನಮ್ಮಲ್ಲಿ ಎರಡು ಅಭಿಪ್ರಾಯವಿತ್ತು. ಪ್ರಯಾಣಕ್ಕೆ ಹೊರಟವರಿಗೆ ಅಪಘಾತದ ಮಾತು ಬೇಡ ಎಂಬುದು ಒಂದು. ಆದರೆ ಸಣ್ಣಕ್ಷರದ ಆ ಸಾಲಿಗೆ ಕಾನೂನಿನ ಬಲ ಬಂದದ್ದು ಹೇಗೆಂದು ಹೇಳದಿದ್ದರೆ ನಮ್ಮ ತಪ್ಪಿನ ತೂಕ ತಿಳಿಯುವುದಿಲ್ಲ. 2009ರ ಫೆಬ್ರವರಿ 12ರ ರಾತ್ರಿ ನುವಾರ್ಕ್‌ನಿಂದ ಬಫಲೊಗೆ ಹೊರಟಿದ್ದ ವಿಮಾನ ಊರ ಹತ್ತಿರ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು ತೀರಿಕೊಂಡರು. ಟಿಕೆಟ್ ಕಾಂಟಿನೆಂಟಲ್‌ನದು, ಹಾರಿಸಿದ್ದು ಕೊಲ್ಗನ್ ಏರ್. ಸತ್ತವರ ಮನೆಯವರು ವಾಷಿಂಗ್ಟನ್‌ಗೆ ಎಡತಾಕಿ ಪಟ್ಟು ಹಿಡಿದರು. 2010ರಲ್ಲಿ ಹೊಸ ಕಾನೂನು ಬಂತು. ಸಹಪೈಲಟ್‌ಗಳಿಗೆ ಇರಬೇಕಾದ ಕನಿಷ್ಠ ಹಾರಾಟದ ಅನುಭವ ಸಾಮಾನ್ಯವಾಗಿ 1,500 ಗಂಟೆಗೆ ಏರಿತು. ಟಿಕೆಟ್ ಮಾರುವ ವೆಬ್‌ಸೈಟ್‌ಗಳು ವಿಮಾನ ಹುಡುಕಿದ ಮೊದಲ ಪುಟದಲ್ಲೇ ಹಾರಿಸುವವರ ಹೆಸರು ತೋರಿಸಬೇಕೆಂಬ ನಿಯಮವೂ ಅದರಲ್ಲೇ ಇದೆ. ಅಷ್ಟು ಹೋರಾಡಿ ಹಾಕಿಸಿದ ಸಾಲನ್ನು ನಾವು ‘ಗೊಂದಲ ಬೇಡ’ ಎಂದು ಕತ್ತರಿಸುತ್ತಿದ್ದೆವು.

ಇನ್ನು ನಿಮಗೆ ಬೇಕಾದ ವಿಷಯ. ಕೆಳಗಿನ ಹೆಸರು ಪೀಡ್‌ಮಾಂಟ್, ಸ್ಕೈವೆಸ್ಟ್, ಎನ್ವಾಯ್, ರಿಪಬ್ಲಿಕ್, ಎಂಡೆವರ್ ಇಂಥದ್ದಾದರೆ ಅವರ ಕೌಂಟರ್ ಹುಡುಕಬೇಡಿ. ಮೇಲಿನ ಹೆಸರಿನ ದೊಡ್ಡ ಕಂಪನಿಯ ಕೌಂಟರ್‌ಗೇ ಹೋಗಿ, ಪರದೆಯಲ್ಲೂ ಅವರ ವಿಮಾನ ಸಂಖ್ಯೆಯನ್ನೇ ನೋಡಿ. ವಿಮಾನ ತಪ್ಪಿದರೆ, ರದ್ದಾದರೆ, ಲಗೇಜ್ ಬರದಿದ್ದರೆ ಕೇಳಬೇಕಾದದ್ದೂ ಅವರನ್ನೇ. ಆದರೆ ಎರಡೂ ಹೆಸರು ದೊಡ್ಡವರದೇ ಆಗಿದ್ದರೆ, ಉದಾಹರಣೆಗೆ ಮೇಲೆ ಯುನೈಟೆಡ್, ಕೆಳಗೆ ಲುಫ್ತಾನ್ಸಾ ಎಂದಿದ್ದರೆ, ನಿಯಮ ತಿರುವುಮುರುವು. ಆಗ ಹಾರಿಸುವವರ ಕೌಂಟರ್‌ಗೆ ಹೋಗಬೇಕು. ಇದನ್ನು ನೆನಪಿಟ್ಟುಕೊಳ್ಳುವ ಹೊರೆ ನಿಮಗೆ ಬೇಡವೆಂದೇ ಮೂರನೆಯ ಸಾಲು.

50 ಸೀಟಿನ ಬಹುತೇಕ ವಿಮಾನಗಳಲ್ಲಿ ತಲೆಯ ಮೇಲಿನ ಖಾನೆಗೆ ಗಾಲಿ ಸೂಟ್‌ಕೇಸ್ ಹೋಗುವುದಿಲ್ಲ. ಬಾಗಿಲಲ್ಲೇ ಚೀಟಿ ಕಟ್ಟಿ ತೆಗೆದುಕೊಳ್ಳುತ್ತಾರೆ, ಸಾಮಾನ್ಯವಾಗಿ ಇಳಿದ ಕೂಡಲೇ ಬಾಗಿಲಲ್ಲೇ ವಾಪಸು ಕೊಡುತ್ತಾರೆ. ಔಷಧಿ, ಪಾಸ್‌ಪೋರ್ಟ್, ಕನ್ನಡಕ ಹೆಗಲ ಚೀಲದಲ್ಲಿರಲಿ. ಬಾಗಿಲಲ್ಲಿ ಕಾಯದೆ ಲಗೇಜ್ ಬೆಲ್ಟ್‌ನತ್ತ ನಡೆದುಬಿಡುವವರೇ ಜಾಸ್ತಿ.

ಹಳೆಯ ಚೀಟಿ ಪಡೆದು ಇನ್ನೂ ಹೊರಡದವರಿಗೆ ಹೊಸ ಚೀಟಿಯನ್ನು ನಾವಾಗಿಯೇ ಕಳಿಸುತ್ತಿದ್ದೇವೆ. ಪ್ರಯಾಣಕ್ಕೆ ಒಂದು ವಾರ ಉಳಿದಿದ್ದೂ ಕೈಸೇರಿಲ್ಲವಾದರೆ ಫೋನ್ ಮಾಡಿ. ಗುತ್ತಿಗೆ ಕಂಪನಿ ನಡುವೆ ಬದಲಾಗುವುದೂ ಉಂಟು, ಹಾಗಾದಾಗ ಮತ್ತೊಮ್ಮೆ ಕಳಿಸುತ್ತೇವೆ, ಹಿಂದಿನದನ್ನು ದಯವಿಟ್ಟು ಹರಿದುಹಾಕಿ.

ಇಂತಿ ನಿಮ್ಮ ವಿಶ್ವಾಸಿ,
ಟಿಕೆಟ್ ವಿಭಾಗದ ಪರವಾಗಿ