ಡಬ್ಬದ ಮೇಲೆ 300 ವೋಲ್ಟ್, ಫೋನಿನಲ್ಲಿ ಬೇರೆ ಮಾತು

ಇವರಿಗೆ: ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು
ಇಂದ: ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಗ್ರಾಹಕಿ, ಶಿವಮೊಗ್ಗ ಜಿಲ್ಲೆ

ವಿಷಯ: ವಾರಂಟಿ ಇದ್ದರೂ ಹಾಳಾದ ಐದು ಎಲ್‌ಇಡಿ ಬಲ್ಬು ಬದಲಿಸಿ ಕೊಡದ ಬಗ್ಗೆ

ಮಾನ್ಯರೇ,

ಕಳೆದ ಸೆಪ್ಟೆಂಬರಿನಲ್ಲಿ ತೀರ್ಥಹಳ್ಳಿಯ ಅಂಗಡಿಯಿಂದ ನಿಮ್ಮ 9 ವ್ಯಾಟಿನ ಬಲ್ಬು 12 ತಂದೆ. ಒಂದಕ್ಕೆ 110 ರೂಪಾಯಿ, ಒಟ್ಟು 1,320. ಮೇ ತಿಂಗಳು ಮುಗಿಯುವಷ್ಟರಲ್ಲಿ ಆರು ಹೋಗಿವೆ. ಅದರಲ್ಲಿ ಒಂದನ್ನು ನಾನು ಕೇಳುವುದಿಲ್ಲ. ಅದು ಏಪ್ರಿಲ್‌ನಲ್ಲಿ ಸಿಡಿಲು ಬಡಿದ ರಾತ್ರಿ ಪಕ್ಕದ ಮನೆಯ ಟಿವಿ ಜೊತೆಗೇ ಹೋಯಿತು. ಡಬ್ಬದ ಮೇಲೆ 4 ಕಿಲೋವೋಲ್ಟ್ ಸರ್ಜ್, ಅಂದರೆ ಲೈನಿನಲ್ಲಿ ಒಮ್ಮೆಲೇ ನುಗ್ಗುವ ವೋಲ್ಟೇಜ್, ತಡೆಯುತ್ತದೆ ಅಂತ ಇದೆ. ಆದರೆ ಸಿಡಿಲಿಗೆ ಅದೆಲ್ಲ ಯಾವ ಲೆಕ್ಕ? ಅದನ್ನು ಬಿಡಿ. ಉಳಿದ ಐದಕ್ಕೆ ಉತ್ತರ ಕೊಡಿ.

ನಾನು ಕಣ್ಣು ಮುಚ್ಚಿಕೊಂಡು ಕೊಂಡವಳಲ್ಲ. ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಡಬ್ಬಗಳನ್ನು ತಿರುಗಿಸಿ ತಿರುಗಿಸಿ ಓದಿದ್ದೇನೆ. ವ್ಯಾಟ್ ಅಂದರೆ ಕರೆಂಟು ತಿನ್ನುವ ಲೆಕ್ಕ, ಲ್ಯೂಮೆನ್ ಅಂದರೆ ಬೆಳಕು ಕೊಡುವ ಲೆಕ್ಕ. ನಿಮ್ಮದರಲ್ಲಿ 9 ವ್ಯಾಟಿಗೆ 900 ಲ್ಯೂಮೆನ್ ಅಂತಿತ್ತು. ನಮ್ಮಲ್ಲಿದ್ದ 60 ವ್ಯಾಟಿನ ಹಳೇ ಬಲ್ಬಿಗಿಂತ ಜಾಸ್ತಿಯೇ. 60 ವ್ಯಾಟಿನ 12 ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 108 ಯೂನಿಟ್. ನಿಮ್ಮವು ಉರಿದರೆ 16 ಚಿಲ್ಲರೆ. "ಈಗ ಬಿಲ್ಲು ಸೊನ್ನೆ ಬರ್ತದಲ್ಲ, ಯಾವ ಬಲ್ಬಾದ್ರೇನು?" ಅಂತ ಅಂಗಡಿಯವರು ನಕ್ಕರು. 2023ರಲ್ಲಿ ಬಂದ ಗೃಹಜ್ಯೋತಿಗೂ ಒಂದು ಮಿತಿ ಇದೆ ಸ್ವಾಮಿ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಮೇಲಾಗಿ ಮಳೆಗಾಲದಲ್ಲಿ ಇಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಇನ್ವರ್ಟರೇ ಗತಿ. ನಾಲ್ಕು ಬಲ್ಬು ಸೇರಿ 36 ವ್ಯಾಟ್ ಅಂದರೆ ಬ್ಯಾಟರಿ ಸುಮಾರು ಹೊತ್ತು ತಾಳುತ್ತದೆ.

ಜಗಲಿಗೂ ದೇವರ ಕೋಣೆಗೂ 3000 ಕೆಲ್ವಿನ್ನಿನ ಹಳದಿ ಬೆಳಕಿನವು ನಾಲ್ಕು ಆರಿಸಿದೆ. ಬಿಳಿ ಬೆಳಕಿಗಾದರೆ ಮೊದಲ ಮಳೆಯ ಸಂಜೆ ರೆಕ್ಕೆ ಹುಳಗಳು ಮುತ್ತಿಕೊಂಡು ಜಗಲಿಯಲ್ಲಿ ಕೂರುವ ಹಾಗಿರುವುದಿಲ್ಲ. ಉಳಿದ ಎಂಟು 6500ರ ಬಿಳಿ. ಅವನ್ನು ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಮತ್ತು ಅಡಿಕೆ ಸುಲಿಯುವ ಚಪ್ಪರಕ್ಕೆ ಹಾಕಿದೆವು.

ಮೊದಲು ಕೈಕೊಟ್ಟಿದ್ದು ಚಪ್ಪರದ್ದೇ. ನವೆಂಬರ್, ಕೊಯ್ಲಿನ ಭರಾಟೆ. ರಾತ್ರಿ ಹತ್ತರವರೆಗೆ ಏಳು ಜನ ಹೆಂಗಸರು ಕತ್ತಿ ಮುಂದೆ ಕೂತು ಸುಲಿಯುತ್ತಿದ್ದರು. ಬಲ್ಬು ಮೊದಲು ಸಣ್ಣಗೆ ಅದುರತೊಡಗಿತು. ನೇರ ನೋಡಿದರೆ ಗೊತ್ತಾಗದು, ಕೈ ಆಡಿಸಿದರೆ ಒಂದು ಕೈ ನಾಲ್ಕು ಕೈಯಾಗಿ ಕಾಣುತ್ತಿತ್ತು. "ಅಮ್ಮಾ, ಕಣ್ಣು ಉರೀತದೆ, ಕತ್ತಿ ಎಲ್ಲಿ ಬೆರಳೆಲ್ಲಿ ಗೊತ್ತಾಗಲ್ಲ" ಅಂದರು ಒಬ್ಬರು. ನಾಲ್ಕನೇ ದಿನ ಪಟ್ಟಂತ ಆರಿತು. ಚಪ್ಪರವೆಲ್ಲ ಕತ್ತಲು, ಏಳೂ ಜನ ಕೈಯಲ್ಲಿದ್ದ ಅಡಿಕೆ ಹಾಗೇ ಹಿಡಿದು ಅಲುಗಾಡದೆ ಕೂತರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆವತ್ತು ಅವರನ್ನೆಲ್ಲ ಬೇಗ ಮನೆಗೆ ಕಳಿಸಿದೆ. ನಮ್ಮತ್ತೆ ಬೇರೆ, "ಇದಕ್ಕಿಂತ ಬುಡ್ಡಿ ದೀಪವೇ ಅಡ್ಡಿಲ್ಲ ಮಾರಾಯ್ತಿ" ಅಂದರು. ಆಮೇಲೆ ಬಚ್ಚಲಿನದು, ಅಡುಗೆಮನೆಯದು, ಕೊಟ್ಟಿಗೆಯದು, ಕೊನೆಗೆ ಜಗಲಿಯದೊಂದು.

ನಿಮ್ಮ ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ತುದಿಯ ಹಲಸಿನ ಮರದ ಬುಡದಲ್ಲಿ ಮಾತ್ರ. ಅಲ್ಲಿ ನಿಂತು ನಿಮ್ಮ ಸಂಗೀತ ಕೇಳಿದ್ದೇ ಕೇಳಿದ್ದು. ಕಡೆಗೆ ಸಿಕ್ಕಿದ ಉತ್ತರ ಒಂದೇ: "ನಿಮ್ಮ ಕಡೆ ವೋಲ್ಟೇಜ್ ಏರುಪೇರು ಮೇಡಂ, ವಾರಂಟಿಗೆ ಬರಲ್ಲ."

ಇದೇ ನನಗೆ ಅರಗದ ಮಾತು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ '100–300 ವೋಲ್ಟ್' ಅಂತ ಅಚ್ಚು ಹಾಕಿದವರು ನೀವೇ ಅಲ್ವಾ? ನಮ್ಮೂರಿನ ಕರೆಂಟು ಹೇಗೆ ಅಂತ ಗೊತ್ತಿದ್ದೇ ನಾನು ಆ ಸಾಲು ನೋಡಿ ಕೊಂಡದ್ದು. ವೈರಿಂಗ್ ಮಾಡುವ ಹುಡುಗನನ್ನು ಕರೆಸಿ ಮೀಟರ್ ಹಿಡಿಸಿ ನೋಡಿದೆ. ಸಂಜೆ ಏಳಕ್ಕೆ 172, ಮಧ್ಯರಾತ್ರಿ 241. ಎರಡೂ ನೀವು ಬರೆದ ಲೆಕ್ಕದ ಒಳಗೇ ಇವೆ. ಚಪ್ಪರದ ಅದೇ ಹೋಲ್ಡರಿಗೆ ನಾಲ್ಕು ವರ್ಷ ಹಳೆಯ ಬೇರೆ ಕಂಪನಿಯ ಬಲ್ಬು ಹಾಕಿದೆವು. ಅದು ಸೀಸನ್ ಮುಗಿಸಿ ಇವತ್ತಿಗೂ ಉರಿಯುತ್ತಿದೆ.

ಆ ಹುಡುಗ ಬಚ್ಚಲಿನ ಬಲ್ಬಿನ ಬಿಳಿ ಟೊಪ್ಪಿ ಬಿಚ್ಚಿ ತೋರಿಸಿದ. ತಟ್ಟೆಯ ಮೇಲೆ ಕಡಲೆಬೇಳೆಯಷ್ಟು ಹಳದಿ ಚುಕ್ಕೆಗಳು ಸುತ್ತಲೂ ಇವೆ, ಒಂದರ ನಡುವೆ ಮಾತ್ರ ಎಳ್ಳಿನಷ್ಟು ಕಪ್ಪು ಕಲೆ. ಎಲ್ಲವೂ ಒಂದೇ ಸಾಲಿನಲ್ಲಿ ಜೋಡಿಸಿರುವುದರಿಂದ ಒಂದು ಸುಟ್ಟರೆ ಎಲ್ಲವೂ ಆರಿದಂತೆ. "ಬಿಸಿ ಹೊರಗೆ ಹೋಗೋಕೆ ಒಳಗೆ ಅಲ್ಯೂಮಿನಿಯಂ ಸಾಲದು ಅಕ್ಕ, ತೆಳ್ಳಗೆ ಹಾಕಿದ್ದಾರೆ" ಅಂದ. ಚಪ್ಪರದ್ದು ಅದುರಿದ್ದಕ್ಕೆ ಕಾರಣ ಡ್ರೈವರ್, ಅಂದರೆ ಬಲ್ಬಿನೊಳಗೆ ಕರೆಂಟು ಹದ ಮಾಡಿ ಕೊಡುವ ಭಾಗ, ಇರಬೇಕಂತೆ. ಬಿಚ್ಚಿದರೆ ವಾರಂಟಿ ಇಲ್ಲ ಅಂತ ಈಗ ಹೇಳಬೇಡಿ. ನೀವು ಇಲ್ಲ ಅಂದ ಮೇಲೇ ಬಿಚ್ಚಿಸಿದ್ದು. ಉಳಿದ ನಾಲ್ಕನ್ನು ಮುಟ್ಟಿಲ್ಲ.

ಆಯಸ್ಸು 25,000 ಗಂಟೆ ಅಂತಲೂ ಬರೆದಿದ್ದೀರಿ. ದಿನಕ್ಕೆ ಐದು ಗಂಟೆಯಂತೆ ಹದಿಮೂರು ವರ್ಷ ದಾಟಬೇಕು. ಅಷ್ಟು ನಾನೂ ನಂಬಲಿಲ್ಲ ಬಿಡಿ. ಆದರೆ ವಾರಂಟಿ ಎರಡು ವರ್ಷ ಅಂದಿದ್ದನ್ನು ನಂಬಿದ್ದೆ. ಚಪ್ಪರದ್ದು 300 ಗಂಟೆಯೂ ಉರಿದಿರಲಿಕ್ಕಿಲ್ಲ.

ಐದು ಬಲ್ಬು ಬದಲಿಸಿ ಕೊಡಿ, ಅದೂ ಬೇರೆ ಬ್ಯಾಚಿನವು. ಆಗದಿದ್ದರೆ 550 ರೂಪಾಯಿ ವಾಪಸ್ ಮಾಡಿ. 172 ವೋಲ್ಟಿಗೆ ನಿಮ್ಮ ಬಲ್ಬು ತಾಳುವುದಿಲ್ಲ ಅಂತಾದರೆ ಅದನ್ನು ಬರಹದಲ್ಲಿ ಕೊಡಿ, ಡಬ್ಬದ ಮೇಲಿನ ಸಾಲನ್ನೂ ತೆಗೆಯಿರಿ. ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬಾರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯಲ್ಲಿ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. 550 ರೂಪಾಯಿಗೆ ಇಷ್ಟೆಲ್ಲಾ ಯಾಕೆ ಅಂತ ಮನೆಯಲ್ಲೂ ಕೇಳಿದರು. ಕತ್ತಲಲ್ಲಿ ಕತ್ತಿ ಮುಂದೆ ಕೂತ ಆ ಏಳು ಜನರನ್ನು ನೋಡಿದ್ದು ನಾನು.

ಬಿಲ್ಲಿನ ಪ್ರತಿ, ಡಬ್ಬದ ಮತ್ತು ಮೀಟರಿನ ಫೋಟೋ ಜೊತೆಗಿಟ್ಟಿದ್ದೇನೆ. ಹಾಳಾದ ಐದೂ ಬಲ್ಬು ಒಂದು ಬಿಸ್ಕತ್ ಡಬ್ಬದಲ್ಲಿವೆ. ಯಾವುದು ಎಲ್ಲಿಯದು, ಎಂದು ಹೋಯಿತು ಅಂತ ಒಂದೊಂದಕ್ಕೂ ಚೀಟಿ ಅಂಟಿಸಿದ್ದೇನೆ. ಮಳೆಗಾಲದಲ್ಲಿ ಕೊರಿಯರಿನವರು ನಮ್ಮನೆವರೆಗೆ ಬರುವುದಿಲ್ಲ. ಹೊಸದನ್ನು ತೀರ್ಥಹಳ್ಳಿಯ ಅಂಗಡಿಗೇ ಕಳಿಸಿ, ಸೋಮವಾರ ಸಂತೆಗೆ ಹೋದಾಗ ಹಳೆಯವನ್ನು ಕೊಟ್ಟು ತರುತ್ತೇನೆ.

ಇತಿ,
ನಿಮ್ಮ ಗ್ರಾಹಕಿ