ಹುಡುಗರ ಸೂಟಿನ ಚೀಟಿಯಲ್ಲಿ ಅಳತೆ ಇರಲಿ

ಮಾನ್ಯ ಸಂಪಾದಕರೇ,

ಆರತಕ್ಷತೆಗೆಂದು ಹುಡುಗರಿಗೆ ಸೂಟು ಕೊಳ್ಳುವ ರೂಢಿ ಈಗ ತಾಲ್ಲೂಕು ಕೇಂದ್ರಗಳವರೆಗೂ ಬಂದಿದೆ. ಆದರೆ ಈ ಕೋಟುಗಳ ಕಾಲರಿನ ಒಳಗಿನ ಚೀಟಿಯಲ್ಲಿ ‘10–11 ವರ್ಷ’ ಎಂದೋ, 30 ಅಥವಾ 32 ಎಂಬ ಬರಿಯ ಸಂಖ್ಯೆಯೋ ಇರುವುದೇ ಹೆಚ್ಚು. ಆ ಸಂಖ್ಯೆ ಎದೆಯ ಸುತ್ತಳತೆಯೋ ಅಥವಾ ತಯಾರಕರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡ ಗುರುತೋ ಎಂಬುದು ಕೊಳ್ಳುವವರಿರಲಿ, ಎಷ್ಟೋ ವೇಳೆ ಮಾರುವವರಿಗೂ ತಿಳಿದಿರುವುದಿಲ್ಲ. ಒಂದೇ ವಯಸ್ಸಿನ ಇಬ್ಬರು ಹುಡುಗರ ಎತ್ತರದಲ್ಲಿ ಒಂದು ಗೇಣಿನ ಅಂತರವಿರುವುದು ಯಾವ ತರಗತಿಯಲ್ಲಾದರೂ ಕಾಣುವ ಸಂಗತಿ. ಹಾಗಿರುವಾಗ ವಯಸ್ಸನ್ನು ಅಳತೆ ಎಂದು ಅಚ್ಚು ಹಾಕುವುದು ಸರಿಯಲ್ಲ. ಹೊಲಿಗೆಯೇ ನನ್ನ ವೃತ್ತಿ. ಸರಿಪಡಿಸಿಕೊಡಿ ಎಂದು ಬರುವ ಇಂತಹ ಸೂಟುಗಳನ್ನು ನೋಡಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ.

‘ಬೆಳೆಯುವ ಹುಡುಗ, ಎರಡು ಸೈಜು ದೊಡ್ಡದೇ ಇರಲಿ’ ಎಂದು ತಂದೆತಾಯಂದಿರು ಹೇಳುವುದರ ಹಿಂದೆ ದುಡಿದ ಹಣದ ಬಗೆಗಿನ ಕಾಳಜಿ ಇದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಅಂಗಿಗೆ ಹೊಂದುವ ಈ ಲೆಕ್ಕ ಕೋಟಿಗೆ ಹೊಂದುವುದಿಲ್ಲ. ಅಂಗಿಯ ತೋಳು ಉದ್ದವಾದರೆ ಮಡಚಿ ತೊಡಬಹುದು. ಕೋಟಿನ ಭುಜ ದೊಡ್ಡದಾದರೆ ಒಳಗಿನ ಪ್ಯಾಡು ಭುಜದ ಮೂಳೆಯನ್ನು ದಾಟಿ ಹೊರಕ್ಕೆ ಚಾಚಿಕೊಳ್ಳುತ್ತದೆ, ತೋಳಿನ ಮೇಲ್ಭಾಗ ಕುಸಿಯುತ್ತದೆ. ಅದನ್ನು ಸರಿಪಡಿಸಬೇಕಾದರೆ ಲೈನಿಂಗನ್ನೂ ತೋಳನ್ನೂ ಬಿಚ್ಚಿ, ಪ್ಯಾಡು ತೆಗೆದು, ಭುಜವನ್ನು ಹೊಸದಾಗಿ ಕತ್ತರಿಸಿ ಕೂರಿಸಬೇಕು. ಕಡಿಮೆ ಬೆಲೆಯ ರೆಡಿಮೇಡ್ ಕೋಟುಗಳಲ್ಲಿ ಮುಂಭಾಗ ಆಕಾರದಲ್ಲಿ ನಿಲ್ಲಲೆಂದು ಒಳಗೆ ಹಾಕುವ ಗಟ್ಟಿ ಬಟ್ಟೆಯಾದ ಕ್ಯಾನ್ವಾಸನ್ನು ಹೊಲಿಯುವ ಬದಲು ಶಾಖ ಕೊಟ್ಟು ಬಟ್ಟೆಗೆ ಅಂಟಿಸಿರುವುದರಿಂದ ಈ ಕೆಲಸ ಇನ್ನೂ ಕಷ್ಟ. ಇಷ್ಟು ಮಾಡಿದರೂ ಕೋಟು ಮೊದಲಿನ ಆಕಾರದಲ್ಲಿ ಉಳಿಯುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ.

ಆದ್ದರಿಂದ ಭುಜ ಇಂದಿನ ಅಳತೆಗೇ ಸರಿಯಾಗಿರಬೇಕು. ಹೊಲಿಗೆ ಭುಜದ ಮೂಳೆಯ ತುದಿಯಲ್ಲಿ ನಿಲ್ಲಬೇಕು. ನಾಳಿನ ಬೆಳವಣಿಗೆಗೆ ಜಾಗ ಇಡಬೇಕಾದದ್ದು ತೋಳಿನ ತುದಿಯಲ್ಲಿ, ಪ್ಯಾಂಟಿನ ಕಾಲಿನಲ್ಲಿ ಮತ್ತು ಪ್ಯಾಂಟಿನ ಹಿಂಭಾಗದ ಹೊಲಿಗೆಯಲ್ಲಿ. ಕೊಳ್ಳುವಾಗ ಈ ಮೂರು ಕಡೆ ಒಳಮಗ್ಗುಲನ್ನು ತಿರುಗಿಸಿ ಎಷ್ಟು ಬಟ್ಟೆ ಬಿಟ್ಟಿದ್ದಾರೆಂದು ನೋಡಬೇಕು. ತೋಳಿನಲ್ಲಿ ಒಂದೂವರೆ ಇಂಚು, ಕಾಲಿನಲ್ಲಿ ಎರಡು ಇಂಚು ಮಡಿಕೆಯಿದ್ದರೆ ಯಾವ ದರ್ಜಿಯಾದರೂ ಅದನ್ನು ಬಿಚ್ಚಿ ಇಳಿಸಿಕೊಡಬಲ್ಲ. ತೋಳಿನ ತುದಿಯ ಗುಂಡಿಗಳಿಗೆ ನಿಜವಾದ ಕಾಜಾ ಕತ್ತರಿಸಿದ್ದರೆ ಮಾತ್ರ ತೋಳನ್ನು ಅಂದಗೆಡದಂತೆ ಇಳಿಸುವುದು ಆಗದ ಮಾತು. ಗುಂಡಿಯನ್ನು ಮೇಲೆ ಹೊಲಿದಷ್ಟೇ ಇರುವ ಕೋಟು ಹುಡುಗರಿಗೆ ಒಳ್ಳೆಯದು.

ಹುಡುಗರು ಬೆಳೆಯುವ ಕ್ರಮವನ್ನೂ ಗಮನಿಸಬೇಕು. ಐದಾರು ವರ್ಷದಿಂದ ಹತ್ತರವರೆಗೆ ವರ್ಷಕ್ಕೆ ಸುಮಾರು 5–6 ಸೆಂಟಿಮೀಟರ್ ಬೆಳೆಯುವ ಹುಡುಗ, ಸಾಮಾನ್ಯವಾಗಿ 13–14ರ ಹೊತ್ತಿಗೆ ಒಂದೇ ವರ್ಷದಲ್ಲಿ 8–10 ಸೆಂಟಿಮೀಟರ್ ಎತ್ತರವಾಗುವುದುಂಟು. ಆಗಲೂ ಮೊದಲು ಪಾದ, ಆಮೇಲೆ ಕಾಲು ಉದ್ದವಾಗಿ, ಮುಂಡ ಬೆಳೆಯುವುದು ಮತ್ತು ಭುಜ ಅಗಲವಾಗುವುದು ತಡವಾಗಿ. ಕೋಟು ಇನ್ನೂ ಸರಿಯಾಗಿರುವಾಗಲೇ ಪ್ಯಾಂಟು ಕಣಕಾಲಿನ ಮೇಲಕ್ಕೆ ಏರುವುದು ಇದರಿಂದಲೇ. ಒಂಬತ್ತು ವರ್ಷದವನಿಗೆ ಮಡಿಕೆ ಬಿಟ್ಟು ಹೊಲಿಸಿದ ಸೂಟು ಎರಡು ವರ್ಷದ ಮದುವೆಗಳಿಗೆ ಬಂದೀತು. ಹದಿಮೂರರ ಹುಡುಗನಿಗೆ ಅದು ಆರೇ ತಿಂಗಳಲ್ಲಿ ಬಿಗಿಯಾಗಬಹುದು. ಅವನಿಗೆ ದೊಡ್ಡಪ್ಪನ ಅಥವಾ ಸೋದರಮಾವನ ಮಕ್ಕಳ ಸೂಟು ಹೊಂದುವಂತಿದ್ದರೆ ಅದನ್ನೇ ತೊಡಿಸುವುದರಲ್ಲಿ ಯಾವ ಸಂಕೋಚವೂ ಬೇಡ.

ಕೊಳ್ಳುವ ಮುನ್ನ ಅಂಗಿ ಮತ್ತು ಬೂಟಿನೊಡನೆಯೇ ತೊಡಿಸಿ, ಹುಡುಗನನ್ನು ಕೂರಿಸಿ, ಕೈ ಮುಂದಕ್ಕೆ ಚಾಚಿಸಿ ನೋಡಬೇಕು. ವೈಶಾಖದ ಸೆಕೆಯಲ್ಲಿ ಛತ್ರದಲ್ಲಿ ನಾಲ್ಕು ಗಂಟೆ ಕಳೆಯಬೇಕಾದವನಿಗೆ ಪೂರ್ತಿ ಪಾಲಿಯೆಸ್ಟರ್ ಲೈನಿಂಗಿನ ಕೋಟು ತೊಡಿಸುವುದು ಮಗುವಿಗೆ ಕೊಡುವ ಹಿಂಸೆ. ಅರ್ಧ ಲೈನಿಂಗಿನದನ್ನು ಕೇಳಿ ಪಡೆಯಿರಿ.

ಇದೆಲ್ಲ ಕೊಳ್ಳುವವರ ಎಚ್ಚರದ ಮಾತಾಯಿತು, ತಯಾರಕರ ಹೊಣೆಯೂ ಇದೆ. ಯುರೋಪಿನಲ್ಲಿ ಮಕ್ಕಳ ಉಡುಪಿನ ಮೇಲೆ 116, 122, 128 ಎಂದು ಆರಾರು ಸೆಂಟಿಮೀಟರ್ ಅಂತರದಲ್ಲಿ ಮಗುವಿನ ಎತ್ತರವನ್ನೇ ನಮೂದಿಸುವ ಪದ್ಧತಿ ಇದೆ. ನಮ್ಮ ದೇಶದ್ದೇ ಆದ ಅಳತೆಪಟ್ಟಿಗಾಗಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಕೈಗೊಂಡ ‘ಇಂಡಿಯಾ ಸೈಜ್’ ಸಮೀಕ್ಷೆಯ ವಯೋಮಿತಿ 15ರಿಂದ 65 ವರ್ಷ. ಅಂದರೆ ಅಳತೆಯ ಗೊಂದಲದಿಂದ ಅತಿ ಹೆಚ್ಚು ತೊಂದರೆಪಡುವ ಮಕ್ಕಳೇ ಅದರಿಂದ ಹೊರಗುಳಿದಿದ್ದಾರೆ. ಮಕ್ಕಳಿಗಾಗಿಯೇ ಅಂತಹ ಸಮೀಕ್ಷೆಯೊಂದು ನಡೆಯಬೇಕೆಂದು ಜವಳಿ ಸಚಿವಾಲಯವನ್ನು ಕೋರುತ್ತೇನೆ.

ಆದರೆ ಅಲ್ಲಿಯವರೆಗೆ ಕಾಯಬೇಕಾದ ಅಗತ್ಯ ತಯಾರಕರಿಗಿಲ್ಲ. ಯುರೋಪಿಗೆ ಹೋಗುವ ಉಡುಪುಗಳನ್ನು ಹೊಲಿಯುವ ಕಾರ್ಖಾನೆಗಳು ಬೆಂಗಳೂರಿನಲ್ಲೇ ಇವೆ. ಹೊರದೇಶದ ಮಗುವಿಗೆ ಸಿಗುವ ಮಾಹಿತಿ ನಮ್ಮ ಮಗುವಿಗೂ ಸಿಗಬೇಕು. ಎತ್ತರ, ಎದೆಯ ಸುತ್ತಳತೆ, ಭುಜದ ಅಗಲ ಇವು ಸೆಂಟಿಮೀಟರಿನಲ್ಲಿ, ಜೊತೆಗೆ ತೋಳಿನಲ್ಲೂ ಕಾಲಿನಲ್ಲೂ ಇಳಿಸಲು ಬಿಟ್ಟಿರುವ ಬಟ್ಟೆ ಎಷ್ಟು ಎಂಬುದು ಕನ್ನಡದಲ್ಲಿ, ಪ್ರತಿ ಸೂಟಿನ ಚೀಟಿಯಲ್ಲೂ ಇರಲಿ ಎಂಬುದು ನನ್ನ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ದರ್ಜಿ, ದಾವಣಗೆರೆ